ಮಗುವನ್ನು ಇಬ್ಭಾಗ ಮಾಡಬೇಡಿ



ಪವಿತ್ರ ಬೈಬಲಿನಲ್ಲಿ, ಅರಸುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ, ನಾವೆಲ್ಲರೂ ಚಿಕ್ಕಂದಿನಿಂದ ಕೇಳಿ ಬಲ್ಲ ಒಂದು ವ್ಯಾಜ್ಯವಿದೆ. ಇಬ್ಬರು ಸ್ತ್ರೀಯರು ಒಂದು ಹಸುಗೂಸಿನೊಂದಿಗೆ ಅರಸ ಸೊಲೊಮೋನನ ಮುಂದೆ ಬಂದು ನಿಲ್ಲುತ್ತಾರೆ. ಕೂಸು ತನ್ನದೆಂದು ಇಬ್ಬರೂ ವಾದಿಸುತ್ತಾರೆ. ಸಾಕ್ಷಿಗಳಿಲ್ಲ, ದಾಖಲೆಗಳಿಲ್ಲ. ಅರಸನು ಕತ್ತಿಯನ್ನು ತರಿಸಿ, ಕೂಸನ್ನು ಎರಡು ಭಾಗ ಮಾಡಿ ಆಳಿಗೆ ಅರ್ಧದಂತೆ ಕೊಡಿ ಎಂದು ಆಜ್ಞಾಪಿಸುತ್ತಾನೆ. ಒಬ್ಬಳು ಹಾಗೇ ಆಗಲಿ ಎನ್ನುತ್ತಾಳೆ. ಇನ್ನೊಬ್ಬಳ ಕರುಳು ಕಿತ್ತು ಬರುತ್ತದೆ. ಕೂಸು ಅವಳಿಗೇ ಹೋಗಲಿ, ಅದು ಬದುಕಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಾಳೆ. ಅರಸನಿಗೆ ತಾಯಿ ಯಾರೆಂದು ತಿಳಿಯುತ್ತದೆ.

ಈ ಕಥೆಯನ್ನು ಸೊಲೊಮೋನನ ಜಾಣತನಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಆದರೆ ಇದರಲ್ಲಿ ತಂದೆತಾಯಿಗಳಾದ ನಮಗೆ ಬೇರೊಂದು ಪಾಠವೂ ಇದೆ. ನಿಜವಾದ ತಾಯಿ ಗೆದ್ದದ್ದು ತನ್ನ ಹಕ್ಕನ್ನು ಬಿಗಿಯಾಗಿ ಹಿಡಿದದ್ದರಿಂದ ಅಲ್ಲ, ಮಗುವಿಗಾಗಿ ಅದನ್ನು ಬಿಡಲು ಸಿದ್ಧಳಾದದ್ದರಿಂದ. ಮಗುವಿನ ಮೇಲೆ ಹಕ್ಕು ಸಾಧಿಸುವುದಕ್ಕೂ ಮಗುವನ್ನು ಪ್ರೀತಿಸುವುದಕ್ಕೂ ಇರುವ ವ್ಯತ್ಯಾಸವನ್ನು ಆ ಕತ್ತಿ ಒಂದೇ ಕ್ಷಣದಲ್ಲಿ ತೋರಿಸಿಕೊಟ್ಟಿತು.

ಪ್ರಭು ಯೇಸುವಿನ ಕಡೆಗೆ ಬರೋಣ. ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಫರಿಸಾಯರು ವಿವಾಹ ವಿಚ್ಛೇದನದ ಪ್ರಶ್ನೆ ಎತ್ತುತ್ತಾರೆ. ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದೆಂದು ಪ್ರಭು ಉತ್ತರಿಸುತ್ತಾರೆ. ಆ ಬೋಧನೆ ಮುಗಿದ ಬೆನ್ನಿಗೇ ಜನರು ಚಿಕ್ಕ ಮಕ್ಕಳನ್ನು ಅವರ ಬಳಿಗೆ ಕರೆತರುತ್ತಾರೆ. ಶಿಷ್ಯರು ತಡೆದಾಗ ಪ್ರಭು ಸಿಟ್ಟಾಗಿ, ಮಕ್ಕಳನ್ನು ಅಪ್ಪಿಕೊಂಡು, ಅವರ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಸಂತ ಮತ್ತಾಯನ ಶುಭಸಂದೇಶದಲ್ಲಿಯೂ ಇದೇ ಕ್ರಮವಿದೆ: ಮೊದಲು ವಿಚ್ಛೇದನದ ಮಾತು, ಅದರ ಹಿಂದೆಯೇ ಮಕ್ಕಳು. ಗಂಡ ಹೆಂಡಿರ ಜಗಳದ ಮಾತು ಎಲ್ಲಿ ಬಂದರೂ ಮಕ್ಕಳನ್ನು ಮರೆಯಬೇಡಿ ಎಂದು ಶುಭಸಂದೇಶವೇ ನಮಗೆ ನೆನಪಿಸುತ್ತಿರುವಂತಿದೆ.

ಇಂದು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಮುರಿದ ಸಂಸಾರಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಪ್ರಥಮ ಪರಮಪ್ರಸಾದದ ದಿನ ತಂದೆ ಒಂದು ಸಾಲಿನಲ್ಲಿ, ತಾಯಿ ಇನ್ನೊಂದು ಸಾಲಿನಲ್ಲಿ ಕುಳಿತಿರುತ್ತಾರೆ. ಬಿಳಿ ಉಡುಪಿನ ಮಗು ಯಾರ ಕಡೆ ನೋಡಿ ನಗಬೇಕೆಂದು ತಿಳಿಯದೆ ತಲೆ ತಗ್ಗಿಸುತ್ತದೆ. ಇಂತಹ ಮನೆಗಳ ಬಗ್ಗೆ ನಾವು ಗುಸುಗುಸು ಮಾತನಾಡುತ್ತೇವೆಯೇ ಹೊರತು, ಅವರಿಗೆ ಬೇಕಾದ ತಿಳಿವಳಿಕೆಯನ್ನು ಕೊಡುವುದಿಲ್ಲ. ಅದರ ಫಲವಾಗಿ ತಪ್ಪು ಕಲ್ಪನೆಗಳು ಬೆಳೆದಿವೆ. "ಧರ್ಮಸಭೆ ವಿಚ್ಛೇದನ ಒಪ್ಪುವುದಿಲ್ಲ, ಹಾಗಾಗಿ ನಾನು ಕೋರ್ಟಿಗೆ ಹೋಗಿ ಜೀವನಾಂಶ ಕೇಳಿದರೆ ಪಾಪ" ಎಂದು ನಂಬಿ ವರ್ಷಗಟ್ಟಲೆ ಮೌನವಾಗಿ ಕಷ್ಟಪಡುವ ತಾಯಂದಿರಿದ್ದಾರೆ. "ಧರ್ಮಸಭೆಯ ನ್ಯಾಯಮಂಡಳಿ ಮದುವೆಯನ್ನು ರದ್ದು ಮಾಡಿತು, ಇನ್ನು ನನಗೂ ಆ ಮಕ್ಕಳಿಗೂ ಸಂಬಂಧವಿಲ್ಲ" ಎಂದು ಕೈತೊಳೆದುಕೊಳ್ಳುವ ತಂದೆಯರೂ ಇದ್ದಾರೆ. ಎರಡೂ ತಪ್ಪು. ನಾಡಿನ ಕಾನೂನು ಏನು ಹೇಳುತ್ತದೆ, ಧರ್ಮಸಭೆ ಏನು ಹೇಳುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಎರಡು ನ್ಯಾಯಾಲಯಗಳು, ಎರಡು ಪ್ರಶ್ನೆಗಳು

ಮೊದಲು ಬಗೆಹರಿಯಬೇಕಾದ ಗೊಂದಲ ಇದು. ನಮ್ಮ ಧರ್ಮಕ್ಷೇತ್ರದ ನ್ಯಾಯಮಂಡಳಿ ಕೇಳುವ ಪ್ರಶ್ನೆ ಒಂದೇ: ಮದುವೆಯ ದಿನ ಇವರಿಬ್ಬರ ನಡುವೆ ಸಿಂಧುವಾದ ವಿವಾಹಬಂಧನ ಏರ್ಪಟ್ಟಿತ್ತೇ, ಇಲ್ಲವೇ? ಬಲವಂತ, ಮೋಸ, ಮದುವೆಯ ಹೊಣೆಯನ್ನು ಹೊರುವ ಮಾನಸಿಕ ಶಕ್ತಿ ಇಲ್ಲದಿರುವುದು ಮುಂತಾದ ಕಾರಣಗಳಿಂದ ಆ ಬಂಧನ ಮೊದಲಿನಿಂದಲೇ ಇರಲಿಲ್ಲವೆಂದು ಕಂಡುಬಂದರೆ ವಿವಾಹ ಅಸಿಂಧುವೆಂದು ಘೋಷಿಸಲಾಗುತ್ತದೆ. ಇದು ವಿಚ್ಛೇದನವಲ್ಲ. ಸರ್ಕಾರದ ನ್ಯಾಯಾಲಯ ಕೇಳುವ ಪ್ರಶ್ನೆ ಬೇರೆ: ಕಾನೂನಿನ ಕಣ್ಣಿನಲ್ಲಿ ಇವರು ಗಂಡ ಹೆಂಡಿರಾಗಿ ಮುಂದುವರಿಯಬೇಕೇ? ಇಲ್ಲವಾದರೆ ಆಸ್ತಿ, ಜೀವನಾಂಶ, ಮಕ್ಕಳ ಗತಿ ಏನು?

ಒಂದು ನ್ಯಾಯಾಲಯದ ಉತ್ತರ ಇನ್ನೊಂದಕ್ಕೆ ನಡೆಯುವುದಿಲ್ಲ. ಧರ್ಮಸಭೆಯ ನ್ಯಾಯಮಂಡಳಿ ಕೊಟ್ಟ ಘೋಷಣೆಗೆ ನಾಡಿನ ಕಾನೂನಿನಲ್ಲಿ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಅಂತಹ ಘೋಷಣೆಗಳಿಗೆ ಮಾನ್ಯತೆ ಕೊಡಬೇಕೆಂದು ನಮ್ಮ ಕರ್ನಾಟಕದ ಒಬ್ಬ ಕಥೋಲಿಕ ವಕೀಲರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ತಳ್ಳಿಹಾಕಿತು. ಆದ್ದರಿಂದ ಧರ್ಮಕ್ಷೇತ್ರದಿಂದ ಅಸಿಂಧು ಘೋಷಣೆ ಮಾತ್ರ ಪಡೆದು ಮರುಮದುವೆಯಾದವರು ಕಾನೂನಿನ ದೃಷ್ಟಿಯಲ್ಲಿ ಮೊದಲ ಸಂಗಾತಿ ಇರುವಾಗಲೇ ಮತ್ತೊಂದು ಮದುವೆಯಾದಂತೆ. ಅದು ಶಿಕ್ಷಾರ್ಹ. ಹಾಗೆಯೇ ಸರ್ಕಾರದ ನ್ಯಾಯಾಲಯದ ವಿಚ್ಛೇದನದ ಕಾಗದ ಹಿಡಿದು ದೇವಾಲಯದಲ್ಲಿ ಮರುಮದುವೆಗೆ ಬಂದರೆ ಧರ್ಮಕೇಂದ್ರದ ಗುರುಗಳು ಅದನ್ನು ನಡೆಸಿಕೊಡಲಾರರು.

ಇಲ್ಲಿ ಇನ್ನೊಂದು ಭಯವನ್ನೂ ಕಳೆಯಬೇಕು. "ಮದುವೆ ಅಸಿಂಧುವಾದರೆ ನನ್ನ ಮಕ್ಕಳು ಅಕ್ರಮ ಸಂತಾನವಾಗುತ್ತಾರೆಯೇ?" ಎಂದು ಅನೇಕ ತಾಯಂದಿರು ಕೇಳುತ್ತಾರೆ. ಇಲ್ಲ. ಸದ್ಭಾವನೆಯಿಂದ ಆದ ಮದುವೆ ಮುಂದೆ ಅಸಿಂಧುವೆಂದು ಕಂಡುಬಂದರೂ ಅದರಲ್ಲಿ ಹುಟ್ಟಿದ ಮಕ್ಕಳು ಸಕ್ರಮ ಸಂತಾನವೇ ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1137ನೇ ನಿಯಮ ಸ್ಪಷ್ಟಪಡಿಸುತ್ತದೆ. ಅವರ ಜ್ಞಾನಸ್ನಾನದ ದಾಖಲೆಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಕ್ರೈಸ್ತರಿಗಿರುವ ಕಾನೂನು

ಭಾರತದ ಕ್ರೈಸ್ತರ ವಿಚ್ಛೇದನಕ್ಕೆ ಇಂದಿಗೂ ಆಧಾರವಾಗಿರುವುದು ಬ್ರಿಟಿಷರ ಕಾಲದ 1869ರ ವಿಚ್ಛೇದನ ಕಾಯಿದೆ. ಬಹುಕಾಲ ಅದು ಹೆಂಗಸರಿಗೆ ಅನ್ಯಾಯವಾಗಿತ್ತು. ಹೆಂಡತಿಯ ವ್ಯಭಿಚಾರವೊಂದನ್ನು ರುಜುವಾತು ಮಾಡಿದರೆ ಗಂಡನಿಗೆ ವಿಚ್ಛೇದನ ದೊರೆಯುತ್ತಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸೇರಿಸಿ ರುಜುವಾತು ಮಾಡಬೇಕಾಗಿತ್ತು. ಹೊಡೆತ ಬಡಿತವೊಂದೇ ಸಾಕಾಗುತ್ತಿರಲಿಲ್ಲ. 1995ರಲ್ಲಿ ಕೇರಳ ಹೈಕೋರ್ಟ್ ಈ ತಾರತಮ್ಯವನ್ನು ಸಂವಿಧಾನಬಾಹಿರವೆಂದಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದುಪಡಿ ಮಾಡಿತು. ಈಗ ಗಂಡನಿಗೂ ಹೆಂಡತಿಗೂ ಒಂದೇ ಅಳತೆ. ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ ಮುಂತಾದವುಗಳಲ್ಲಿ ಯಾವುದಾದರೂ ಒಂದು ಕಾರಣ ಸಾಕು.

ಅದೇ ತಿದ್ದುಪಡಿಯಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಕ್ರೈಸ್ತರಿಗೆ ಲಭ್ಯವಾಯಿತು. ಕಾಯಿದೆಯಲ್ಲಿ ಅದಕ್ಕೆ ಎರಡು ವರ್ಷ ಬೇರೆ ಬೇರೆ ವಾಸಿಸಿರಬೇಕೆಂದು ಬರೆದಿತ್ತು. ಬೇರೆ ಧರ್ಮದವರಿಗೆ ಒಂದು ವರ್ಷ ಸಾಕಾಗಿರುವಾಗ ಕ್ರೈಸ್ತರಿಗೆ ಮಾತ್ರ ಎರಡು ವರ್ಷವೇಕೆ ಎಂಬ ಪ್ರಶ್ನೆ ಎದ್ದು, 2010ರಲ್ಲಿ ಕೇರಳ ಹೈಕೋರ್ಟೂ 2014ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದನ್ನು ಒಂದು ವರ್ಷವೆಂದೇ ಓದಬೇಕೆಂದು ಹೇಳಿದವು. ಅರ್ಜಿ ಹಾಕಿದ ಮೇಲೆ ಮರುಚಿಂತನೆಗಾಗಿ ಆರು ತಿಂಗಳ ಅವಧಿಯನ್ನು ಕಾಯಿದೆ ಇಟ್ಟಿದೆ. ಆ ಆರು ತಿಂಗಳು ವಕೀಲರ ಕಚೇರಿಗೆ ಓಡಾಡಲು ಮಾತ್ರ ಇರುವುದಲ್ಲ. ಮೊಣಕಾಲೂರಿ ಪ್ರಾರ್ಥಿಸಲು, ಹಿರಿಯರೊಡನೆ ಕುಳಿತು ಮಾತನಾಡಲು ಇರುವ ಸಮಯ ಅದು.

ಬಂಧನವನ್ನು ಮುರಿಯಲು ಮನಸ್ಸೊಪ್ಪದ, ಆದರೆ ಒಂದೇ ಸೂರಿನಡಿ ಬಾಳಲಾಗದ ಕಥೋಲಿಕ ದಂಪತಿಗಳಿಗೆ ಇದೇ ಕಾಯಿದೆಯಲ್ಲಿ ಇನ್ನೊಂದು ದಾರಿಯಿದೆ ಎಂಬುದು ಬಹಳ ಮಂದಿಗೆ ತಿಳಿಯದು. ಅದು ನ್ಯಾಯಾಲಯದ ಆಜ್ಞೆಯ ಮೂಲಕ ಪ್ರತ್ಯೇಕ ವಾಸ. ವ್ಯಭಿಚಾರ, ಕ್ರೌರ್ಯ ಅಥವಾ ಎರಡು ವರ್ಷಗಳ ಪರಿತ್ಯಾಗದ ಕಾರಣದಿಂದ ಇದನ್ನು ಕೋರಬಹುದು. ವಿವಾಹಬಂಧನ ಹಾಗೆಯೇ ಉಳಿಯುತ್ತದೆ, ಮರುಮದುವೆ ಆಗುವಂತಿಲ್ಲ. ಆದರೆ ಜೀವನಾಂಶ ಮತ್ತು ಮಕ್ಕಳ ಪಾಲನೆಯ ಬಗ್ಗೆ ನ್ಯಾಯಾಲಯ ಆಜ್ಞೆ ಮಾಡಬಹುದು. ಧರ್ಮಸಭೆಯೂ ಇಂತಹ ಪ್ರತ್ಯೇಕ ವಾಸವನ್ನು ಬಲ್ಲದು. ಸಂಗಾತಿಯಿಂದ ತನಗಾಗಲಿ ಮಕ್ಕಳಿಗಾಗಲಿ ದೇಹಕ್ಕೆ ಅಥವಾ ಆತ್ಮಕ್ಕೆ ಘೋರ ಅಪಾಯವಿದ್ದರೆ ಬೇರೆ ಹೋಗಲು ನ್ಯಾಯವಾದ ಕಾರಣವಿದೆಯೆಂದು 1153ನೇ ನಿಯಮ ಹೇಳುತ್ತದೆ. ಏಟು ತಿನ್ನುತ್ತಾ ಇರುವುದೇ ಶಿಲುಬೆ ಹೊರುವುದು ಎಂದು ಯಾರೂ ಯಾರಿಗೂ ಬೋಧಿಸಬಾರದು. ಹಿಂಸೆ ನಡೆಯುವ ಮನೆಯಿಂದ ಹೊರಬಂದವಳಿಗೆ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆ ರಕ್ಷಣೆ, ವಾಸದ ಹಕ್ಕು, ಹಣದ ನೆರವು ಮತ್ತು ಮಕ್ಕಳ ತಾತ್ಕಾಲಿಕ ಪಾಲನೆ ಎಲ್ಲವನ್ನೂ ಕೊಡಬಲ್ಲದು. ಮಹಿಳಾ ಸಹಾಯವಾಣಿ 181.

ಮಗು ಯಾರ ಬಳಿ?

ಇದೇ ಎಲ್ಲಕ್ಕಿಂತ ನೋವಿನ ಪ್ರಶ್ನೆ. ಕ್ರೈಸ್ತ ದಂಪತಿಗಳ ವಿಚ್ಛೇದನ ಅಥವಾ ಪ್ರತ್ಯೇಕ ವಾಸದ ಮೊಕದ್ದಮೆ ನಡೆಯುತ್ತಿದ್ದರೆ 1869ರ ಕಾಯಿದೆಯ 41ರಿಂದ 44ರವರೆಗಿನ ಕಲಮುಗಳ ಪ್ರಕಾರ ಅದೇ ನ್ಯಾಯಾಲಯ ಮಕ್ಕಳ ಪಾಲನೆ, ಪೋಷಣೆ, ವಿದ್ಯಾಭ್ಯಾಸದ ಬಗ್ಗೆ ಆಜ್ಞೆ ಮಾಡಬಹುದು. ಅಂತಹ ಮೊಕದ್ದಮೆ ಇಲ್ಲದಿದ್ದರೂ 1890ರ ಪೋಷಕರು ಮತ್ತು ಪೋಷಿತರ ಕಾಯಿದೆಯಡಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು.

ನ್ಯಾಯಾಲಯ ನೋಡುವುದು ಏನನ್ನು? ತಂದೆಯ ಹಕ್ಕನ್ನೇ? ತಾಯಿಯ ಹಕ್ಕನ್ನೇ? ಎರಡಕ್ಕಿಂತ ಮೇಲಿರುವುದು ಮಗುವಿನ ಕ್ಷೇಮ. 1973ರಲ್ಲಿ ಒಬ್ಬ ಕ್ರೈಸ್ತ ದಂಪತಿಯ ಮಕ್ಕಳ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮಕ್ಕಳು ತಂದೆತಾಯಿಯ ಸ್ವತ್ತಲ್ಲ, ಅವರ ಕೈಯ ಆಟಿಕೆಗಳೂ ಅಲ್ಲ ಎಂದು ನ್ಯಾಯಾಧೀಶರು ಅಂದು ಸ್ಪಷ್ಟವಾಗಿ ಹೇಳಿದರು. ಹಣ ಹೆಚ್ಚಿದ್ದವರಿಗೆ ಮಗು ಎಂಬ ನಿಯಮವಿಲ್ಲ. ಮಗುವಿನ ವಯಸ್ಸು, ಅದು ಹೆಣ್ಣೋ ಗಂಡೋ, ಅದರ ಧರ್ಮ, ಪೋಷಕರ ನಡತೆ ಮತ್ತು ಸಾಮರ್ಥ್ಯ ಇವೆಲ್ಲವನ್ನೂ ತೂಗಬೇಕೆಂದು ಕಾಯಿದೆಯ 17ನೇ ಕಲಮು ಹೇಳುತ್ತದೆ. ತಿಳಿವಳಿಕೆ ಬಂದ ವಯಸ್ಸಿನ ಮಗುವಾದರೆ ಅದರ ಇಷ್ಟವನ್ನೂ ಗಮನಿಸಬಹುದು. ಎಳೆಯ ಕೂಸುಗಳನ್ನು ಸಾಮಾನ್ಯವಾಗಿ ತಾಯಿಯ ಬಳಿಯೇ ಬಿಡುತ್ತಾರೆ. ಆದರೆ ತಾಯಿಗೇ ಎಂದು ಶಾಶ್ವತವಾಗಿ ಬರೆದುಕೊಟ್ಟದ್ದಲ್ಲ. ಪಾಲನೆಯ ಆಜ್ಞೆ ಎಂದೂ ಕೊನೆಯ ಮಾತಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅದನ್ನು ಬದಲಿಸಲು ಕೋರಬಹುದು.

ಒಬ್ಬರ ಬಳಿ ಮಗು ಉಳಿದರೆ ಇನ್ನೊಬ್ಬರಿಗೆ ಅದನ್ನು ನೋಡುವ, ಜೊತೆ ಕಳೆಯುವ ಸಮಯವನ್ನು ನ್ಯಾಯಾಲಯ ಗೊತ್ತು ಮಾಡುತ್ತದೆ. ಮಗುವಿಗೆ ತಂದೆತಾಯಿ ಇಬ್ಬರ ಪ್ರೀತಿಯೂ ಬೇಕು, ದೂರದಲ್ಲಿರುವವರಿಗೆ ವಿಡಿಯೊ ಕರೆಯ ಮೂಲಕವಾದರೂ ಮಾತನಾಡುವ ಅವಕಾಶವಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಕೊಲ್ಲಿ ದೇಶಗಳಲ್ಲಿ ದುಡಿಯುವ ತಂದೆಯರಿರುವ ನಮ್ಮ ಕುಟುಂಬಗಳಿಗೆ ಇದು ಮುಖ್ಯವಾದ ಮಾತು. ಭೇಟಿಯ ದಿನವೇ ಮಗುವಿಗೆ ಜ್ವರವೆಂದು ಸುಳ್ಳು ಹೇಳುವುದು, ಬಂದ ಉಡುಗೊರೆಯನ್ನು ಮಗುವಿನ ಎದುರೇ ಎಸೆಯುವುದು, "ನಿಮ್ಮಪ್ಪ ಎಂಥವನು ಗೊತ್ತಾ", "ನಿಮ್ಮಮ್ಮ ನಿನ್ನನ್ನು ಬಿಟ್ಟು ಹೋದವಳು" ಎಂದು ಕಿವಿಯಲ್ಲಿ ತುಂಬುವುದು, ಇವೆಲ್ಲ ಸೊಲೊಮೋನನ ಕತ್ತಿಯೇ. ರಕ್ತ ಮಾತ್ರ ಕಾಣಿಸುವುದಿಲ್ಲ.

ಜೀವನಾಂಶ ಭಿಕ್ಷೆಯಲ್ಲ

ಆದಿಕಾಂಡದ 21ನೇ ಅಧ್ಯಾಯದಲ್ಲಿ ಹಾಗಾರಳ ಕಥೆಯಿದೆ. ಅಬ್ರಹಾಮನು ಅವಳನ್ನೂ ಮಗ ಇಷ್ಮಾಯೇಲನನ್ನೂ ಸ್ವಲ್ಪ ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಕಳುಹಿಸಿಬಿಡುತ್ತಾನೆ. ಮರುಭೂಮಿಯಲ್ಲಿ ನೀರು ಮುಗಿಯುತ್ತದೆ. ಮಗ ಸಾಯುವುದನ್ನು ನೋಡಲಾರದೆ ತಾಯಿ ಅವನನ್ನು ಒಂದು ಪೊದೆಯ ಕೆಳಗೆ ಬಿಟ್ಟು ದೂರ ಕುಳಿತು ಅಳುತ್ತಾಳೆ. ಆಗ ದೇವರು ಆ ಹುಡುಗನ ಮೊರೆಯನ್ನು ಕೇಳಿದರೆಂದು ಪವಿತ್ರ ಗ್ರಂಥ ಹೇಳುತ್ತದೆ. ಕಳುಹಿಸಿದವನು ದೇವರ ಆಪ್ತನಾದ ಅಬ್ರಹಾಮನೇ ಆಗಿದ್ದರೂ, ದೇವರ ಕಿವಿ ಇದ್ದದ್ದು ಮಗುವಿನ ಕಡೆಗೆ. ಒಂದು ತಿತ್ತಿ ನೀರು ಕೊಟ್ಟು ಕರ್ತವ್ಯ ಮುಗಿಯಿತೆಂದುಕೊಳ್ಳುವ ತಂದೆಯರು ಈ ಅಧ್ಯಾಯವನ್ನು ಓದಬೇಕು. ಪ್ರೇಷಿತ ಸಂತ ಪೌಲರಂತೂ ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ, ಸ್ವಂತ ಮನೆಯವರನ್ನು ಸಂರಕ್ಷಿಸದವನು ವಿಶ್ವಾಸವನ್ನೇ ತ್ಯಜಿಸಿದವನು, ಅವಿಶ್ವಾಸಿಗಿಂತಲೂ ಕೀಳು ಎಂದು ಕಟುವಾಗಿ ಹೇಳಿದ್ದಾರೆ.

ನಾಡಿನ ಕಾನೂನು ಈ ಹೊಣೆಯನ್ನು ಹೇಗೆ ವಿಧಿಸುತ್ತದೆ? 1869ರ ಕಾಯಿದೆಯ 36ನೇ ಕಲಮಿನಂತೆ ಮೊಕದ್ದಮೆ ನಡೆಯುತ್ತಿರುವಾಗಲೇ ಹೆಂಡತಿ ಖರ್ಚಿಗೂ ಜೀವನಾಂಶಕ್ಕೂ ಅರ್ಜಿ ಹಾಕಬಹುದು. ಗಂಡನಿಗೆ ನೋಟೀಸು ಮುಟ್ಟಿದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಅದು ಇತ್ಯರ್ಥವಾಗಬೇಕು. ಹಿಂದೆ ಈ ಮೊತ್ತ ಗಂಡನ ವರಮಾನದ ಐದನೇ ಒಂದು ಭಾಗವನ್ನು ಮೀರುವಂತಿರಲಿಲ್ಲ. 2001ರಲ್ಲಿ ಆ ಮಿತಿ ಹೋಯಿತು. 37ನೇ ಕಲಮು ಶಾಶ್ವತ ಜೀವನಾಂಶಕ್ಕೆ ಸಂಬಂಧಿಸಿದ್ದು.

ವಿಚ್ಛೇದನದ ಮಾತೇ ಇಲ್ಲದೆ, ಯಾವ ಧರ್ಮದವರಾದರೂ ಉಪಯೋಗಿಸಬಹುದಾದ ಇನ್ನೊಂದು ದಾರಿಯಿದೆ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮೆಂದು ಹಿಂದೆ ಪ್ರಸಿದ್ಧವಾಗಿದ್ದ ಇದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿಗಳು ಇದರಡಿ ಮಾಸಿಕ ಜೀವನಾಂಶ ಕೋರಬಹುದು. ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವಂತಿಲ್ಲ ಎಂಬ ಹಳೆಯ ಮಿತಿಯೂ 2001ರಲ್ಲೇ ರದ್ದಾಯಿತು. ಸಾಕಷ್ಟು ಕಾರಣವಿಲ್ಲದೆ ಗಂಡನನ್ನು ಬಿಟ್ಟಿರುವ ಹೆಂಡತಿಗೆ ಈ ಹಕ್ಕು ತಪ್ಪಬಹುದು. ಆದರೆ ಮಗುವಿನ ಹಕ್ಕು ತಪ್ಪುವುದಿಲ್ಲ. ತಾಯಿಯ ಮೇಲಿನ ಸಿಟ್ಟಿಗೆ ಮಗುವಿನ ಶಾಲಾ ಶುಲ್ಕ ನಿಲ್ಲಿಸಲು ಕಾನೂನಿನಲ್ಲಿ ಎಡೆಯಿಲ್ಲ.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಜೀವನಾಂಶದ ಬಗ್ಗೆ ಇಡೀ ದೇಶಕ್ಕೆ ಅನ್ವಯವಾಗುವ ನಿರ್ದೇಶನಗಳನ್ನು ಕೊಟ್ಟಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು. ಕೊಡದಿದ್ದರೆ ವಸೂಲಿಗೆ ವಾರಂಟು ಹೊರಡಬಹುದು, ಬಾಕಿಯ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆವಾಸವಾಗಬಹುದು. ಸೆರೆಮನೆಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ.

ಹಣವಿಲ್ಲದವರು ಕೋರ್ಟೆಂದರೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ, ಅವರ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕಿನಲ್ಲಿ ತಾಲ್ಲೂಕು ಸಮಿತಿ ಇದಕ್ಕಾಗಿ ಇವೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ಸಾಕು. 1984ರ ಕಾಯಿದೆಯಡಿ ಏರ್ಪಟ್ಟ ಕೌಟುಂಬಿಕ ನ್ಯಾಯಾಲಯಗಳು ಮೊದಲು ರಾಜಿಗೆ ಪ್ರಯತ್ನಿಸಬೇಕೆಂಬುದು ಆ ಕಾಯಿದೆಯ ಆದೇಶ. ಅಲ್ಲಿ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲು ಅವಕಾಶವಿದೆ. ಮನೆಯ ಮಾನ ಬೀದಿಗೆ ಬರುತ್ತದೆಂಬ ಭಯ ಬೇಡ. ಇಲ್ಲಿ ಹೇಳಿದ್ದು ಸಾಮಾನ್ಯ ತಿಳಿವಳಿಕೆ ಮಾತ್ರ. ನಿಮ್ಮ ನಿಮ್ಮ ಸಂಗತಿಯನ್ನು ವಕೀಲರ ಮುಂದಿಟ್ಟು ಸಲಹೆ ಪಡೆಯುವುದು ಅಗತ್ಯ.

ಧರ್ಮಸಭೆ ಕೈ ಬಿಡುವುದಿಲ್ಲ

"ಆದರೂ ಕೋರ್ಟಿಗೆ ಹೋದರೆ ಪಾಪವಲ್ಲವೇ ಸ್ವಾಮಿ?" ಎಂಬ ಪ್ರಶ್ನೆ ಉಳಿದಿದೆ. 1992ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದದಲ್ಲಿ ಇದಕ್ಕೆ ಉತ್ತರವಿದೆ. ನ್ಯಾಯವಾದ ಹಕ್ಕುಗಳನ್ನು, ಮಕ್ಕಳ ಪಾಲನೆಯನ್ನು ಅಥವಾ ಪಿತ್ರಾರ್ಜಿತವನ್ನು ಕಾಪಾಡಲು ಸರ್ಕಾರದ ವಿಚ್ಛೇದನವೊಂದೇ ದಾರಿಯಾಗಿದ್ದರೆ ಅದನ್ನು ಸಹಿಸಬಹುದು, ಅದು ನೈತಿಕ ಅಪರಾಧವಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ದೇವರ ಮುಂದೆ ಬಂಧನ ಉಳಿದೇ ಇರುತ್ತದೆ ನಿಜ. ಆದರೆ ಮಕ್ಕಳ ಹೊಟ್ಟೆಪಾಡಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ತಾಯಿಯನ್ನು ಪಾಪಿಯೆಂದು ಬೆರಳು ಮಾಡುವ ಹಕ್ಕು ನಮಗಿಲ್ಲ. ವಿಚ್ಛೇದನವಾಗಿ, ಮರುಮದುವೆಯಾಗದೆ ಬಾಳುತ್ತಿರುವವರು ಆ ಒಂದೇ ಕಾರಣದಿಂದ ಪರಮಪ್ರಸಾದದಿಂದ ದೂರವಾದವರೆಂದು ಭಾವಿಸುವುದೂ ತಪ್ಪು.

ಮಕ್ಕಳ ಹೊಣೆಯ ವಿಷಯದಲ್ಲಿ ಧರ್ಮಸಭೆ ನಾಡಿನ ಕಾನೂನಿಗಿಂತ ಸಡಿಲವಲ್ಲ. ದಂಪತಿಗಳು ಬೇರೆಯಾದಾಗ ಮಕ್ಕಳ ಪೋಷಣೆಗೂ ಶಿಕ್ಷಣಕ್ಕೂ ತಕ್ಕ ಏರ್ಪಾಡು ಆಗಲೇಬೇಕೆಂದು 1154ನೇ ನಿಯಮ ಹೇಳುತ್ತದೆ. ವಿವಾಹ ಅಸಿಂಧುವೆಂದು ಘೋಷಿಸುವ ತೀರ್ಪಿನಲ್ಲಿಯೇ ಮಕ್ಕಳಿಗೂ ಪರಸ್ಪರರಿಗೂ ಸಲ್ಲಬೇಕಾದ ನೈತಿಕ ಹಾಗೂ ನಾಗರಿಕ ಹೊಣೆಗಳನ್ನು ನೆನಪಿಸಬೇಕೆಂಬ ನಿಯಮವೂ ಇದೆ. ಹಿಂದಿನ ಸಂಬಂಧದಿಂದ ಹುಟ್ಟಿದ ಮಕ್ಕಳ ಹೊಣೆ ಹೊತ್ತವರ ಮದುವೆಯನ್ನು ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ನಡೆಸಿಕೊಡಬಾರದೆಂದು 1071ನೇ ನಿಯಮ ಗುರುಗಳನ್ನು ತಡೆಯುತ್ತದೆ. ಮೊದಲ ಮಕ್ಕಳ ತಟ್ಟೆ ಖಾಲಿಯಿರುವಾಗ ಹೊಸ ಮದುವೆಯ ಊಟಕ್ಕೆ ಎಲೆ ಹಾಕಬಾರದು ಎಂಬುದೇ ಇದರ ಅರ್ಥ.

ಖರ್ಚಿಗೆ, ವಿಳಂಬಕ್ಕೆ ಹೆದರಿ ಧರ್ಮಕ್ಷೇತ್ರದ ನ್ಯಾಯಮಂಡಳಿಗೆ ಹೋಗದವರಿಗೂ ಒಂದು ಮಾತು. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಈ ವಿಧಾನವನ್ನು ಸರಳಗೊಳಿಸಿದರು. ಎರಡು ನ್ಯಾಯಮಂಡಳಿಗಳು ಒಂದೇ ತೀರ್ಪು ಕೊಡಲೇಬೇಕೆಂಬ ಹಳೆಯ ಕಟ್ಟಳೆ ಆ ವರ್ಷದ ಡಿಸೆಂಬರ್ 8ರಿಂದ ಹೋಯಿತು. ಸಾಧ್ಯವಾದಷ್ಟು ಮಟ್ಟಿಗೆ ಇದು ಉಚಿತವಾಗಿರಬೇಕೆಂದೂ ಅವರು ಆಶಿಸಿದರು. ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಂಡು ಮಾತನಾಡಿ.

ಆತ್ಮಶೋಧನೆಗೆ ಕೆಲವು ಪ್ರಶ್ನೆಗಳು

ಬೇರೆಯಾಗಿರುವ ತಂದೆತಾಯಂದಿರು ಪಾಪನಿವೇದನೆಗೆ ಮುನ್ನ ತಮ್ಮನ್ನು ತಾವು ಹೀಗೆ ಕೇಳಿಕೊಳ್ಳಲಿ.

1. ನಾನು ಮಗುವನ್ನು ಕೇಳುತ್ತಿರುವುದು ಅದರ ಮೇಲಿನ ಪ್ರೀತಿಯಿಂದಲೋ, ಸಂಗಾತಿಯನ್ನು ನೋಯಿಸುವ ಹಟದಿಂದಲೋ?

2. ನ್ಯಾಯಾಲಯದ ಮುಂದೆ ನನ್ನ ವರಮಾನವನ್ನು ಮುಚ್ಚಿಟ್ಟಿದ್ದೇನೆಯೇ? ಸಂಬಳದ ಚೀಟಿಯಲ್ಲಿ ಸುಳ್ಳು, ಆಸ್ತಿಯನ್ನು ತಮ್ಮನ ಹೆಸರಿಗೆ ಬರೆಯುವುದು, ಇವು ಜಾಣತನವಲ್ಲ. ಮಗುವಿನ ಅನ್ನವನ್ನು ಕದ್ದಂತೆ. ಹಾಗೆಯೇ ಸಿಟ್ಟಿನಿಂದ ಸಂಗಾತಿಯ ಮೇಲೆ ಇಲ್ಲದ ಆರೋಪ ಹೊರಿಸುವುದು ಸುಳ್ಳುಸಾಕ್ಷಿ. ಎಂಟನೆಯ ದೈವಾಜ್ಞೆ ವಕೀಲರ ಕಚೇರಿಯೊಳಗೂ ನಡೆಯುತ್ತದೆ.

3. ಮಗುವನ್ನು ನನ್ನ ದೂತನನ್ನಾಗಿಯೋ ಗೂಢಚಾರನನ್ನಾಗಿಯೋ ಬಳಸಿದ್ದೇನೆಯೇ? "ಅಲ್ಲಿ ಯಾರು ಬರುತ್ತಾರೆ, ಏನು ಮಾತನಾಡುತ್ತಾರೆ" ಎಂದು ಕೆದಕಿದ್ದೇನೆಯೇ? ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳಿದ್ದೇನೆಯೇ?

4. ಮಗುವಿನ ಧರ್ಮೋಪದೇಶ ತರಗತಿ, ಪರಮಪ್ರಸಾದ, ದೃಢೀಕರಣ, ಹುಟ್ಟುಹಬ್ಬಗಳಿಗೆ ಇನ್ನೊಬ್ಬರನ್ನು ಕರೆಯುವಷ್ಟು ಮನಸ್ಸು ದೊಡ್ಡದು ಮಾಡಿಕೊಂಡಿದ್ದೇನೆಯೇ?

ಅಜ್ಜ ಅಜ್ಜಿಯರೇ, ನಿಮ್ಮ ಮಗಳ ಅಥವಾ ಮಗನ ಪಕ್ಷ ವಹಿಸುವುದು ಸಹಜ. ಆದರೆ ಆರಬಹುದಾಗಿದ್ದ ಎಷ್ಟೋ ಕಿಡಿಗಳು ಹಿರಿಯರ ಮಾತಿನಿಂದಲೇ ಬೆಂಕಿಯಾಗುತ್ತವೆ. ಮೊಮ್ಮಗುವಿನ ಮುಂದೆ ಬೀಗರನ್ನು ಬಯ್ಯಬೇಡಿ. ಜ್ಞಾನ ತಂದೆತಾಯಿಗಳೇ, ಜ್ಞಾನಸ್ನಾನದ ತೊಟ್ಟಿಯ ಬಳಿ ನೀವು ಕೊಟ್ಟ ಮಾತನ್ನು ಪೂರೈಸುವ ಕಾಲ ಇದೇ. ಯಾರ ಪಕ್ಷವನ್ನೂ ವಹಿಸದೆ ಆ ಮಗುವನ್ನು ಭಾನುವಾರ ಬಲಿಪೂಜೆಗೆ ಕರೆತನ್ನಿ. ಧರ್ಮಕೇಂದ್ರದ ನೆರೆಹೊರೆಯವರೇ, ಒಂಟಿ ತಾಯಿ ದೇವಾಲಯಕ್ಕೆ ಬಂದಾಗ ಅವಳ ಪಕ್ಕದ ಜಾಗ ಖಾಲಿ ಬಿಡಬೇಡಿ. ಒಂಟಿ ತಂದೆಯೂ ಅಷ್ಟೇ ನೊಂದವನು. ಅವನ ಬೆನ್ನ ಮೇಲೂ ಒಂದು ಕೈ ಇರಲಿ. ಕೋರ್ಟಿನ ತಾರೀಖಿನ ದಿನ ಮಗುವನ್ನು ನೋಡಿಕೊಳ್ಳುವುದು, ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಜೊತೆಗೆ ಹೋಗುವುದು, ಇವೂ ದಯಾಕಾರ್ಯಗಳೇ. ಮದುವೆಗೆ ಸಿದ್ಧರಾಗುತ್ತಿರುವ ಯುವಕ ಯುವತಿಯರು ವಿವಾಹ ಸಿದ್ಧತಾ ತರಗತಿಯನ್ನು ಒಂದು ಚೀಟಿ ಪಡೆಯುವ ಶಾಸ್ತ್ರವೆಂದು ಎಣಿಸದಿರಲಿ. ಸತ್ಯವನ್ನು ಮುಚ್ಚಿಟ್ಟು ಮಾಡಿಕೊಂಡ ಮದುವೆಯ ಬೆಲೆಯನ್ನು ಕೊನೆಗೆ ತೆರುವುದು ಇನ್ನೂ ಹುಟ್ಟದ ಮಗು.

ಪ್ರಿಯ ಸಹೋದರ ಸಹೋದರಿಯರೇ, ಮುರಿದದ್ದನ್ನು ಮತ್ತೆ ಕೂಡಿಸಲು ಸಾಧ್ಯವಿದ್ದರೆ ಮೊದಲು ಅದಕ್ಕೇ ಪ್ರಯತ್ನಿಸಬೇಕು. ಕ್ಷಮೆಗಿಂತ ದೊಡ್ಡ ರಾಜಿ ಇನ್ನೊಂದಿಲ್ಲ. ಸಾಧ್ಯವಾಗದೇ ಹೋದರೆ, ಗಂಡ ಹೆಂಡತಿಯಾಗಿ ಸೋತವರು ತಂದೆ ತಾಯಿಯಾಗಿ ಸೋಲಬೇಕಾಗಿಲ್ಲ. ವಿಚ್ಛೇದನದ ಆಜ್ಞೆಗೆ ನ್ಯಾಯಾಧೀಶರು ಸಹಿ ಹಾಕಬಹುದು. ತಂದೆತನವನ್ನು, ತಾಯ್ತನವನ್ನು ರದ್ದುಪಡಿಸುವ ಶಾಯಿ ಯಾವ ನ್ಯಾಯಾಲಯದಲ್ಲಿಯೂ ಇಲ್ಲ, ಧರ್ಮಸಭೆಯ ನ್ಯಾಯಮಂಡಳಿಯಲ್ಲಿಯೂ ಇಲ್ಲ.

ನಜರೇತಿನ ಪವಿತ್ರ ಕುಟುಂಬದ ದೇವರೇ, ನಮ್ಮ ಧರ್ಮಕೇಂದ್ರದ ಮುರಿದ ಮನೆಗಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಸಿಟ್ಟಿನಲ್ಲಿರುವವರಿಗೆ ಶಾಂತಿಯನ್ನೂ, ತಪ್ಪಿಸಿಕೊಳ್ಳುವವರಿಗೆ ಹೊಣೆಯ ಅರಿವನ್ನೂ, ಹೆದರಿದವರಿಗೆ ಧೈರ್ಯವನ್ನೂ ಕೊಡಿ. ಇಬ್ಬರ ನಡುವೆ ನಿಂತು ಅಳುವ ಮಕ್ಕಳ ಮೊರೆಯನ್ನು, ಅಂದು ಮರುಭೂಮಿಯಲ್ಲಿ ಕೇಳಿದಂತೆ, ಇಂದೂ ಕೇಳಿರಿ. ಆಮೆನ್.